ಸೋಪು, ಸ್ಯಾನಿಟೈಸರ್ ಹಂಚಿಕೆ ಕುರಿತು ಸೂಚನೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ನಿನ್ನೆಯಿಂದ ಗುಂಪಿನಲ್ಲಿ ಬಂದಿರುವ ಸಂದೇಶಗಳನ್ನು ಓದಿದರೆ, ಸ್ಯಾನಿಟೈಸರಿಗೆ ನಡೆಯುತ್ತಿರುವಷ್ಟು ಹುಡುಕಾಟ ಬಂಗಾರಕ್ಕೂ ನಡೆದಿರಲಿಕ್ಕಿಲ್ಲ ಎನಿಸುತ್ತದೆ. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಕೈ ಉಜ್ಜಿ ತೊಳೆದರೆ ಕೊರೊನಾ ವೈರಾಣುವಿನ ಕೊಬ್ಬಿನ ಹೊದಿಕೆಯೇ ಒಡೆದುಹೋಗುವುದರಿಂದ, ಮನೆಯಲ್ಲಿರುವವರಿಗೆ ಸ್ಯಾನಿಟೈಸರ್ ಅನಿವಾರ್ಯವಲ್ಲ. ಹೊರಗೆ ಹೋಗುವವರು ಮಾತ್ರ ಕನಿಷ್ಠ ಶೇ. 60 ಆಲ್ಕೋಹಾಲ್ ಇರುವುದನ್ನು ನೋಡಿ ಕೊಳ್ಳಬೇಕು. ನಾನಂತೂ ಸವೆದು ಎಲೆಯಂತಾದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸಿದ್ದೇನೆ (ಅದು ಮೂರು ಸಲ ಜಾರಿ ಮೋರಿಯ ಬಾಯಿಯವರೆಗೆ ಹೋಗಿ ಬಂದಿದೆ).

ಹೆಚ್ಚುವರಿ ಬಾಟಲಿ ಉಳ್ಳವರು, ಮನೆಯಲ್ಲಿ ರೋಗಿಗಳ ಆರೈಕೆ ಮಾಡುತ್ತಿರುವ ಸದಸ್ಯರಿಗೆ ಒಂದನ್ನು ಬಿಟ್ಟುಕೊಡುವುದಾದರೆ, ಭಾನುವಾರ ಸಂಜೆ 6 ಗಂಟೆಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಒಟ್ಟು ಎಷ್ಟು ಕೂಡಿಟ್ಟಿದ್ದೀರಿ ಎಂದು ಯಾರೂ ಕೇಳುವುದಿಲ್ಲ.