ನೀರಿನ ಗೆರೆ ಮೊದಲು ಹಾಕು

ನವನಗರ, ಬಾಗಲಕೋಟೆ

ಪ್ರೀತಿಯ ಅಕ್ಷತಾಗೆ ನಿನ್ನ ಕಾಕಾನ ಆಶೀರ್ವಾದಗಳು.

ನೀನು ಕಳಿಸಿದ ನಿನ್ನ ಕಥೆಯ 40 ಪುಟ ಎರಡು ಸಲ ಓದಿದೆ. ನಕಾಶೆಯನ್ನು ಅದಕ್ಕಿಂತ ಜಾಸ್ತಿ ಸಲ ನೋಡಿದೆ. ಕಡಲ ಬದಿಗೆ ಮರಳ ದಿಬ್ಬದ ಒಳಗೆ ಸಿಕ್ಕಿಕೊಂಡ ಉಪ್ಪು ನೀರಿನ ಲಗೂನ್, ಅದರಲ್ಲಿ 11 ನಡುಗಡ್ಡೆ, ಅಷ್ಟರ ಮೇಲೂ ಹರಡಿಕೊಂಡ ಒಂದೇ ಪಟ್ಟಣ. ಮಕರಪಟ್ಟಣ. ಇಲ್ಲದ ಊರನ್ನು ಇದ್ದ ಹಾಗೆ ಕಟ್ಟಬೇಕು ಅಂತ ಹೊರಟಿದ್ದೀಯಲ್ಲ, ನನಗೆ ತುಂಬಾ ಖುಷಿ ಆಯಿತು. ನಿನ್ನ ಅಪ್ಪನಿಗೂ ಹೇಳಿದ್ದೇನೆ, ಈ ಕೆಲಸ ನಡುವೆ ಬಿಡಿಸಬೇಡ ಅಂತ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಎರೆಭೂಮಿಯಲ್ಲಿ ಹುಟ್ಟಿದವಳು ನಾನು, ಸಮುದ್ರ ನೋಡಿದ್ದೇ ಕಾರವಾರದ ಟ್ರಿಪ್‌ನಲ್ಲಿ, ನಾನು ಬರೆದರೆ ಯಾರು ನಂಬುತ್ತಾರೆ ಕಾಕಾ ಅಂತ ಕೇಳಿದ್ದೀಯ. ಐಹೊಳೆ ನಮ್ಮ ಮನೆಯಿಂದ ಒಂದು ತಾಸಿನ ದಾರಿ. ಅಲ್ಲಿ ಮೇಗುತಿ ಗುಡಿಯ ಗೋಡೆ ಮೇಲೆ ರವಿಕೀರ್ತಿ ಬರೆದ ಶಾಸನ ಇದೆ, ಕ್ರಿ.ಶ. 634ರದ್ದು. ಇಮ್ಮಡಿ ಪುಲಿಕೇಶಿ ಪುರಿ ಅನ್ನೋ ಪಟ್ಟಣವನ್ನು ನೂರಾರು ಹಡಗು ತಗೊಂಡು ಮುತ್ತಿದ, ಆ ಹಡಗುಗಳು ಮದ್ದಾನೆಗಳ ಹಾಗೆ ಇದ್ದವು, ಆ ಪಟ್ಟಣ ಪಡುವಣ ಕಡಲಿನ ಲಕ್ಷ್ಮಿ ಆಗಿತ್ತು ಅಂತ ಅದರಲ್ಲಿ ಬರೆದಿದೆ. ಮುಂಬೈ ಹತ್ತಿರದ ಘಾರಾಪುರಿ ನಡುಗಡ್ಡೆಯೇ ಆ ಪುರಿ ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಆಮೇಲೆ ಬರುವ ಮಾತು ನನಗೆ ಇನ್ನೂ ಇಷ್ಟ: ಮೋಡ ಕವಿದು ಆಕಾಶ ಸಮುದ್ರದಂತಾಯಿತು, ಸಮುದ್ರ ಆಕಾಶದಂತಾಯಿತು. ಸುತ್ತ ಬರೀ ಕಲ್ಲುಗುಡ್ಡ ಇರೋ ಜಾಗದಲ್ಲಿ ಈ ಮಾತನ್ನು ಕಲ್ಲಿಗೆ ಕೆತ್ತಿ 1390 ವರ್ಷದ ಮೇಲಾಗಿದೆ. ಹಾಗಾಗಿ ಆ ಸಂಕೋಚ ಬಿಟ್ಟುಬಿಡು.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ನಿನ್ನ ಪಟ್ಟಣದಲ್ಲಿ ಬಂದರು ಇದೆ, ಗೋಪುರ ಇದೆ, ಸಂತೆ ಇದೆ, ಅರಮನೆ ಇದೆ. ನೀರು ಎಲ್ಲಿಗೆ ನಿಲ್ಲುತ್ತದೆ ಅನ್ನೋದು ಮಾತ್ರ ಇಲ್ಲ. ಉಬ್ಬರ ಬಂದಾಗ ಎಷ್ಟು ಏರುತ್ತದೆ, ಇಳಿದಾಗ ಯಾವ ಮೆಟ್ಟಿಲು ಕಾಣುತ್ತದೆ, ಜೋರು ಗಾಳಿ ಬೀಸಿದ ದಿನ ಯಾರ ಮನೆ ಹೊಸ್ತಿಲಿಗೆ ಮೊದಲು ಮುಟ್ಟುತ್ತದೆ? ಒಂದು ಅಂಕಿ ಹಾಕು ಅಕ್ಷತಾ. ಒಂದೇ ಒಂದು ಗೆರೆ. ಆಮೇಲೆ ನಿನ್ನ ಕಥೆಯ ಜನ ಎಲ್ಲಿ ನಿಂತಿದ್ದಾರೆ ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂತ ನಿನಗೆ ಗೊತ್ತಿರಲಿ. ನೀನು ಹುಟ್ಟುವ ಮೊದಲಿನ ಮಾತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಬರುತ್ತದೆ ಅಂತಾದಾಗ ನಾನು ಸರ್ವೇ ಕೆಲಸದಲ್ಲಿದ್ದೆ. ಎತ್ತರ ಅಳೆಯೋ ದುರ್ಬೀನು ಡಂಪಿ ಲೆವೆಲ್ ನಿಲ್ಲಿಸಿ, ಅಂಕಿ ಬರೆದ ಅಳತೆಕೋಲು ಸ್ಟಾಫ್ ಹಿಡಿಸಿ, ಓಣಿ ಓಣಿ ತಿರುಗಿ ಮನೆಗಳ ಎತ್ತರ ಬರೆದುಕೊಂಡವರಲ್ಲಿ ನಾನೂ ಒಬ್ಬ. ಅಣೆಕಟ್ಟೆಯ ನೀರು ನಿಲ್ಲುವ ಮಟ್ಟ 519.6 ಮೀಟರ್, ಮುಂದೆ ಏರಿಸಬೇಕು ಅಂದಿದ್ದ ಮಟ್ಟ 524.256 ಮೀಟರ್. ಹಳೆ ಬಾಗಲಕೋಟೆಯಲ್ಲಿ ಈ ಅಂಕಿಗಳು ಸಣ್ಣ ಮಕ್ಕಳಿಗೂ ಬಾಯಿಪಾಠ ಆಗಿದ್ದವು. ಇವೆಲ್ಲ ಸಮುದ್ರ ಮಟ್ಟದಿಂದ ಅಳೆದ ಎತ್ತರ ಅನ್ನೋದನ್ನ ನೋಡು. ಕಡಲು ಕಾಣದ ನಮ್ಮ ಮನೆಯ ಹಣೆಬರಹ ಬರೆಯೋದಕ್ಕೂ ಕಡಲೇ ಬೇಕಾಯಿತು.

ನಮ್ಮ ಎದುರುಮನೆಯ ಅಜ್ಜಿಗೆ ನಾನೇ ಹೇಳಿದ್ದೆ, ನಿಮ್ಮ ಹೊಸ್ತಿಲು ಗೆರೆಗಿಂತ ಒಂದು ಗೇಣು ಮೇಲಿದೆ, ಚಿಂತೆ ಮಾಡಬೇಡಿ ಅಂತ. ಆ ಮಳೆಗಾಲ ಒಂದು ಬೆಳಿಗ್ಗೆ ಕರೆದಳು. ಅವರ ಪಡಸಾಲೆಯಲ್ಲಿ ಒಂದು ಹಗೇವು ಇತ್ತು. ಹಗೇವು ನೀನು ನೋಡಿಲ್ಲ, ಜೋಳ ತುಂಬಿಡೋದಕ್ಕೆ ನೆಲದೊಳಗೆ ಅಗೆದ ಗುಂಡಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಕಲ್ಲು ಸರಿಸಿದರೆ ಮುಖಕ್ಕೆ ಹೊಡೆದ ಹಾಗೆ ಹುಳಿ ವಾಸನೆ ಬಂತು. ಕೈ ಹಾಕಿದೆ. ಮೇಲಿನ ಜೋಳ ಬಿಸಿ ಇತ್ತು, ಒಳಗೆ ಮೊಣಕೈ ತನಕ ಹೋದ ಮೇಲೆ ತಣ್ಣಗೆ ಒದ್ದೆ ಕಾಳು ಬೆರಳಿಗೆ ಅಂಟಿತು, ಅದಕ್ಕೂ ಕೆಳಗೆ ನೀರು. ಹೊರಗೆ ಓಣಿ ಒಣಗಿತ್ತು. ಹಿನ್ನೀರು ಇನ್ನೂ ದೂರದಲ್ಲಿ ಕಾಣುತ್ತಿತ್ತು. ಗೋಡೆಯ ಬುಡದಿಂದ ಇರುವೆಗಳು ತತ್ತಿ ಹೊತ್ತು ಸಾಲಾಗಿ ಮೇಲೆ ಹತ್ತುತ್ತಿದ್ದವು. "ಗೆರಿ ಮ್ಯಾಲ ಅದೀರಿ ಅಂದಿದ್ದೆಲ್ಲೋ ತಮ್ಮಾ" ಅಂದಳು ಅಜ್ಜಿ. ಬೈಯಲಿಲ್ಲ, ಅಷ್ಟೇ ಅಂದಳು. ನಾನು ಅಳೆದ ಅಂಕಿ ತಪ್ಪಿರಲಿಲ್ಲ. ಆದರೆ ಅದನ್ನು ನೋಡಿ ಚಿಂತೆ ಬೇಡ ಅಂತ ಹೇಳಿದ್ದು ತಪ್ಪು, ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ನಿನ್ನ 32ನೇ ಪುಟದಲ್ಲಿ ದೊಡ್ಡ ತೆರೆ ಎದ್ದು ಗೋಡೆ ಹಾರಿ ಪಟ್ಟಣಕ್ಕೆ ನುಗ್ಗುತ್ತದೆ. ಲಗೂನಿನ ಊರಿಗೆ ನೀರು ಹಾಗೆ ಬರೋದು ಕಡಿಮೆ. ಇಟಲಿಯಲ್ಲಿ ಇಂಥದೇ ಲಗೂನಿನ ಒಳಗೆ ಕಟ್ಟಿದ ವೆನಿಸ್‌ನಲ್ಲಿ ಸಂತ ಮಾರ್ಕನ ಚೌಕಕ್ಕೆ ನೀರು ಚರಂಡಿಯ ತೂತುಗಳಿಂದ ಗುಳುಗುಳು ಅಂತ ಮೇಲಕ್ಕೆ ಬರುತ್ತದೆ. ಅವರು 1897ರ ಸರಾಸರಿ ಕಡಲ ಮಟ್ಟವನ್ನು ಸೊನ್ನೆ ಅಂತ ಇಟ್ಟುಕೊಂಡಿದ್ದಾರೆ. ಅದರ ಮೇಲೆ 80 ಸೆಂ.ಮೀ. ಏರಿದರೆ ಚೌಕ ಒದ್ದೆ, 110 ಆದರೆ ಊರಿನ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ನೆಲ ನೀರಲ್ಲಿ. 1966ರ ನವೆಂಬರ್‌ನಲ್ಲಿ 194 ಸೆಂ.ಮೀ. ಬಂತು, 2019ರ ನವೆಂಬರ್‌ನಲ್ಲಿ 187. ಈ ಅಳತೆ ಬರುವ ಮೊದಲೂ ಅವರಿಗೆ ಗೆರೆ ಇತ್ತು. ಕಾಲುವೆ ಬದಿ ಗೋಡೆಗೆ ಹಸಿರು ಪಾಚಿ ಎಲ್ಲಿ ತನಕ ಹತ್ತುತ್ತದೋ ಅಲ್ಲಿಗೆ ಕಲ್ಲಿನಲ್ಲಿ ಒಂದು ಅಕ್ಷರ ಕೆತ್ತುತ್ತಿದ್ದರು. ನಿನ್ನ ಮಕರಪಟ್ಟಣದಲ್ಲೂ ಒಂದು ಪಾಚಿಗೆರೆ ಇರಲಿ. ಅಜ್ಜನ ಕಾಲದ ಗೆರೆ ಈಗ ನೀರಿನ ಕೆಳಗೆ ಹೋಗಿದೆ ಅಂತ ಒಬ್ಬ ಹುಡುಗ ಕೈ ಹಾಕಿ ತಡವಿ ನೋಡಲಿ.

ಮನೆ ನಿಲ್ಲೋದು ಯಾವುದರ ಮೇಲೆ ಅನ್ನೋದನ್ನೂ ಹೇಳಬೇಕು. ನಮ್ಮ ಕಡೆ ಎರೆಮಣ್ಣಲ್ಲಿ ಪಾಯ ತೆಗೆಯುವಾಗ ಗರಸು ಸಿಗೋ ತನಕ ಅಗಿ ಅಂತಾರೆ, ಇಲ್ಲದಿದ್ದರೆ ಬೇಸಿಗೆಗೆ ಗೋಡೆ ಬಿರಿಯುತ್ತದೆ. ವೆನಿಸ್‌ನವರೂ ಇದನ್ನೇ ಮಾಡಿದರು. ಕೆಸರಿನಲ್ಲಿ ಓಕ್, ಲಾರ್ಚ್ ಮರದ ಗೂಟಗಳನ್ನು ಒತ್ತೊತ್ತಾಗಿ ಹೊಡೆದು, ಅದರ ಮೇಲೆ ಹಲಗೆ ಹಾಸಿ, ಅದರ ಮೇಲೆ ಉಪ್ಪು ನೀರು ತಡೆಯೋ ಕಲ್ಲು ಇಟ್ಟು ಕಟ್ಟಿದರು. ಕೆಸರೊಳಗೆ ಗಾಳಿ ಆಡೋದಿಲ್ಲ, ಹಾಗಾಗಿ ಮರ ಬೇಗ ಕೊಳೆಯೋದಿಲ್ಲ. ನೀನು ಎಲ್ಲ ಮನೆಗಳಿಗೂ ಕಪ್ಪು ಕಲ್ಲಿನ ಬುನಾದಿ ಹಾಕಿದ್ದೀಯ. ಅಷ್ಟು ಭಾರ ಕೆಸರು ಹೊರೋದಿಲ್ಲ. ಆ ಗೂಟಗಳ ಮರ ಯಾವ ಕಾಡಿಂದ ಬರುತ್ತದೆ, ಯಾವ ಹೊಳೆಯಲ್ಲಿ ತೇಲಿಸಿ ತರುತ್ತಾರೆ, ಆ ಕಾಡಿನವರಿಗೂ ನಿನ್ನ ಊರಿಗೂ ಜಗಳ ಆದರೆ ಏನು ಗತಿ? ಅಲ್ಲೇ ಒಂದು ಅಧ್ಯಾಯ ಕೂತಿದೆ ನೋಡು.

ಹೊಳೆ ಅಂದಾಗ ನೆನಪಾಯಿತು. ನಕಾಶೆಯಲ್ಲಿ ಎರಡು ದೊಡ್ಡ ಹೊಳೆಗಳನ್ನು ಸೀದಾ ಲಗೂನಿಗೆ ತಂದು ಸೇರಿಸಿದ್ದೀಯ. ನೋಡೋಕೆ ಚೆಂದ. ಆದರೆ ಹೊಳೆ ಬರೀ ನೀರು ತರುತ್ತದಾ? ಕೃಷ್ಣಾ, ಘಟಪ್ರಭಾ ಪ್ರವಾಹ ಇಳಿದ ಮೇಲೆ ಹೊಲದಲ್ಲಿ ಎಷ್ಟು ರೇವೆ ಕೂತಿರುತ್ತದೆ ಅಂತ ನಿನಗೂ ಗೊತ್ತು. ಹಾಗೇ ಬಿಟ್ಟರೆ ಲಗೂನ್ ಹೂಳು ತುಂಬಿ ಗದ್ದೆ ಆಗುತ್ತದೆ, ಹಡಗು ಬರೋದು ನಿಲ್ಲುತ್ತದೆ, ಸೊಳ್ಳೆ ಜ್ವರ ಶುರುವಾಗುತ್ತದೆ. ಅದಕ್ಕೇ ವೆನಿಸ್‌ನವರು ನೂರಾರು ವರ್ಷ ಕಷ್ಟಪಟ್ಟು ಬ್ರೆಂಟಾ, ಪಿಯಾವೆ, ಸಿಲೆ ಹೊಳೆಗಳ ದಿಕ್ಕನ್ನೇ ತಿರುಗಿಸಿ ಲಗೂನಿನ ಹೊರಗೆ ಕಡಲಿಗೆ ಬಿಟ್ಟರು. ನೀರಿನ ಉಸ್ತುವಾರಿಗೆ ಅಂತಲೇ 1501ರಲ್ಲಿ ಅಧಿಕಾರಿಗಳನ್ನು ನೇಮಿಸಿದರು. ಈಗ ಹೂಳು ಬರದೆ, ಲಗೂನಿನ ಜವುಗು ನೆಲ ಕೊಚ್ಚಿ ಹೋಗಿ ಕಡಲಿನ ಹಾಗೇ ಆಗುತ್ತಿದೆ ಅನ್ನೋದು ಅವರ ಚಿಂತೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ಎರಡರಲ್ಲಿ ಯಾವುದು ಗೆದ್ದರೂ ಊರಿಗೆ ಉಳಿವಿಲ್ಲ. ಹಾಗಾಗಿ ನಿನ್ನ ಊರಲ್ಲಿ ಪ್ರತಿ ವರ್ಷ ಕಾಲುವೆ ಕಟ್ಟು ಹಾಕಿ, ನೀರು ಬಸಿದು, ಬುಟ್ಟಿಯಲ್ಲಿ ಹೂಳು ಎತ್ತುವ ಜನ ಬೇಕು. ಆ 40 ಪುಟದಲ್ಲಿ ವ್ಯಾಪಾರಿ ಇದ್ದಾನೆ, ನಾವಿಕ ಇದ್ದಾನೆ, ರಾಣಿ ಇದ್ದಾಳೆ. ಹೂಳು ಎತ್ತುವವರು ಒಬ್ಬರೂ ಇಲ್ಲ. ನಿನ್ನ ನಾಯಕಿಯನ್ನು ಆ ಮನೆಯವಳನ್ನಾಗಿ ಮಾಡಿದರೆ ಏನು? ನನಗಂತೂ ಅದೇ ಸರಿ ಅನ್ನಿಸುತ್ತದೆ.

ಇನ್ನು ಕುಡಿಯೋ ನೀರು. ಸುತ್ತ ನೀರಿದ್ದೂ ಕುಡಿಯೋಕೆ ಹನಿ ಇಲ್ಲದ ಊರು ಅದು. ವಿಜಯಪುರದವರಿಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ ಸುರಂಗದಲ್ಲಿ ನೀರು ತಂದರು, ನಡುನಡುವೆ ಗಂಜ್ ಅನ್ನೋ ಗೋಪುರ ಕಟ್ಟಿ ನೀರಿನ ಒತ್ತಡ ಇಳಿಸಿದರು, ತಾಜ್ ಬಾವಡಿ ತೋಡಿದರು. ಲಗೂನಿನಲ್ಲಿ ಬಾವಿ ತೋಡಿದರೆ ಉಪ್ಪು. ಅದಕ್ಕೆ ವೆನಿಸ್‌ನ ಚೌಕಗಳ ಕೆಳಗೆ ದೊಡ್ಡ ಗುಂಡಿ ಅಗೆದು, ಸುತ್ತ ಜೇಡಿಮಣ್ಣು ಮೆತ್ತಿ, ಒಳಗೆ ಮರಳು ತುಂಬಿ, ಮಳೆ ನೀರು ಸೋಸಿ ನಡುವಿನ ಬಾವಿಗೆ ಬರೋ ಹಾಗೆ ಮಾಡಿದ್ದರು. ಮಳೆ ಸಾಲದ ವರ್ಷ ದೋಣಿಯಲ್ಲಿ ಸಿಹಿನೀರು ತಂದು ಮಾರುತ್ತಿದ್ದರು. 1884ರಲ್ಲಿ ನಲ್ಲಿ ನೀರು ಬರುವ ತನಕ ಹೀಗೇ ನಡೆಯಿತು. ಆಮೇಲೆ ಪಕ್ಕದ ಕಾರ್ಖಾನೆಗಳು ಕೊಳವೆಬಾವಿ ಹಾಕಿ ನೆಲದೊಳಗಿನ ನೀರು ಎಳೆದವು, ಊರು ಸೆಂಟಿಮೀಟರ್ ಲೆಕ್ಕದಲ್ಲಿ ಕುಸಿಯಿತು, 1970ರ ದಶಕದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಿನ್ನ ಊರಲ್ಲಿ ಬಾವಿ ಯಾರ ಚೌಕದಲ್ಲಿದೆ, ಯಾರಿಗೆ ಕೊಡ ತುಂಬೋಕೆ ಬಿಡುತ್ತಾರೆ, ಯಾರನ್ನು ದೂರ ನಿಲ್ಲಿಸುತ್ತಾರೆ? ನಮ್ಮ ಊರುಗಳಲ್ಲಿ ಬಾವಿಕಟ್ಟೆ ಮೇಲೆ ಏನೇನು ನಡೆದಿದೆ ಅಂತ ನಿನ್ನ ಅವ್ವನ ಹತ್ತಿರ ಕೇಳು. ಅದನ್ನು ಮರೆಮಾಚಬೇಡ, ಇಲ್ಲದ ಊರಾದರೂ.

ಕೋಟೆಗೋಡೆ ತೆಗೆದುಬಿಡು. ಗೋಳಗುಮ್ಮಟದ ಊರಿಗೆ ಸುಮಾರು 10 ಕಿ.ಮೀ. ಕೋಟೆ ಬೇಕಿತ್ತು, ಅದು ಬಯಲು. ಲಗೂನ್ ಹಾಗಲ್ಲ, ಬಹಳ ಕಡೆ ಎದೆಮಟ್ಟ ನೀರೂ ಇರೋದಿಲ್ಲ. ಹಡಗು ಹೋಗುವಷ್ಟು ಆಳ ಇರೋದು ಕೆಲವು ಜಾಡುಗಳಲ್ಲಿ ಮಾತ್ರ, ಆ ಜಾಡಿಗೆ ಗುರುತಿನ ಗೂಟ ನೆಟ್ಟಿರುತ್ತಾರೆ. ಶತ್ರು ಬಂದಾಗ ಗೂಟ ಕಿತ್ತುಬಿಟ್ಟರೆ ಸಾಕು, ಅವರ ಹಡಗು ಕೆಸರಿಗೆ ಕೂರುತ್ತದೆ. ಹರಿಗೋಲು ಹಾಕುವ ಅಂಬಿಗರನ್ನು ನೀನು ನೋಡಿದ್ದೀಯ ಅಲ್ವಾ, ಗಳೆ ಊರಿದ ಕೂಡಲೇ ಕೆಳಗೆ ಮರಳೋ ಬಂಡೆಯೋ ಹೇಳುತ್ತಾರೆ. ಅಂಥ ಒಬ್ಬ ಮುದುಕನಿಗೆ ಮಾತ್ರ ಜಾಡು ನೆನಪಿದೆ ಅಂತ ಮಾಡಿದರೆ ನಿನ್ನ ಯುದ್ಧದ ಅಧ್ಯಾಯ ಗೋಡೆ ಇಲ್ಲದೆ ನಿಲ್ಲುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ರತ್ನದ್ವೀಪ, ಚಂದ್ರದ್ವೀಪ ಅಂತ ಇಟ್ಟಿದ್ದೀಯ. ಜನ ಹಾಗೆ ಕರೆಯೋದಿಲ್ಲ. ಉಪ್ಪಿನಗಡ್ಡೆ, ಬಲೆಯವರ ಗಡ್ಡೆ, ಜ್ವರದ ಗಡ್ಡೆ ಅಂತಾರೆ. ವೆನಿಸ್‌ನವರು ಬೆಂಕಿಯ ಹೆದರಿಕೆಗೆ ಗಾಜಿನ ಕುಲುಮೆಯವರನ್ನೆಲ್ಲ 1291ರಲ್ಲಿ ಮುರಾನೊ ನಡುಗಡ್ಡೆಗೆ ಕಳಿಸಿದರು, ಪ್ಲೇಗ್ ಬಂದವರಿಗೆ 1423ರಲ್ಲಿ ಬೇರೆ ನಡುಗಡ್ಡೆ ಮಾಡಿದರು. ಹಾಗೆ ಒಂದೊಂದು ಗಡ್ಡೆಗೂ ಒಂದೊಂದು ಕಾರಣ ಕೊಡು. ನಾವು ಹಳೆ ಊರಿನ ಓಣಿ ಬಿಟ್ಟು ನವನಗರದ ಸೆಕ್ಟರ್ ನಂಬರಿಗೆ ಬಂದವರು. ಇಷ್ಟು ವರ್ಷ ಆದರೂ ನಿನ್ನ ಅಜ್ಜಿ ವಿಳಾಸ ಕೇಳಿದರೆ ಕಿಲ್ಲಾ ಓಣಿ ಅಂತಲೇ ಹೇಳುತ್ತಿದ್ದಳು, ಸಾಯುವ ತನಕ.

ಹಬ್ಬ ಒಂದು ಇರಲಿ. ವೆನಿಸ್‌ನ ದೊರೆ ವರ್ಷಕ್ಕೊಂದು ಸಲ ದೋಣಿಯಲ್ಲಿ ಹೋಗಿ ಕಡಲಿಗೆ ಉಂಗುರ ಹಾಕುತ್ತಿದ್ದ, ಮದುವೆ ಆದ ಹಾಗೆ. ಆಲಮಟ್ಟಿ ತುಂಬಿದಾಗ ನಮ್ಮಲ್ಲಿ ಬಾಗಿನ ಬಿಡುತ್ತಾರೆ. ಅದನ್ನು ನೋಡುವಾಗ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ, ಹೊಲಗಳಿಗೆ ನೀರು ಅದರಿಂದಲೇ. ಎದುರುಮನೆ ಅಜ್ಜಿಯ ಹಗೇವೂ ಕಣ್ಣ ಮುಂದೆ ಬರುತ್ತದೆ. ಎರಡೂ ಒಟ್ಟಿಗೇ ಬರುತ್ತವೆ. ನಿನ್ನ ಉಂಗುರದ ಹಬ್ಬದಲ್ಲೂ ಹಾಗೆ ಎರಡೂ ಇರೋ ಒಬ್ಬ ಮುದುಕಿಯನ್ನು ದಡದಲ್ಲಿ ನಿಲ್ಲಿಸು.

ಹೋಳಿಗೆ ಬಾ. ಬಣ್ಣದ ಬಂಡಿ ನೋಡಿಕೊಂಡು, ಮರುದಿನ ಐಹೊಳೆಗೆ ಹೋಗೋಣ, ಶಾಸನದ ಆ ಸಾಲು ಎಲ್ಲಿದೆ ಅಂತ ತೋರಿಸುತ್ತೇನೆ. ನನ್ನ ಹಳೇ ಲೆವೆಲಿಂಗ್ ಸ್ಟಾಫ್ ಅಟ್ಟದ ಮೇಲಿದೆ, ಅದನ್ನು ಇಳಿಸಿ ಇಡುತ್ತೇನೆ, ನಿನ್ನ ಊರಿನ ಗೆರೆ ಅದರ ಮೇಲೆ ಹಿಡಿದು ನೋಡು, 80 ಅಂದರೆ ಎಷ್ಟು, 194 ಅಂದರೆ ನಿನ್ನ ತಲೆಗಿಂತ ಎಷ್ಟು ಮೇಲೆ ಅಂತ. ಬರುವಾಗ ನಕಾಶೆಯ ದೊಡ್ಡ ಪ್ರಿಂಟ್ ತಾ. ಮೊಬೈಲ್‌ನಲ್ಲಿ ಸಣ್ಣ ಗಡ್ಡೆಗಳು ನನ್ನ ಕಣ್ಣಿಗೆ ಸಿಗೋದಿಲ್ಲ.

ನಿನ್ನ ಕಾಕಾ