ಹಂಚು ಅಂದ ಮಾತಿಗೆ

ಮಗಳೇ,

ನಿನ್ನೆ ರಾತ್ರಿ ಹಾಸನ ಗಾಡಿ ಹೋದ ಮ್ಯಾಲೂ ನಾ ಕಲಬುರಗಿ ಸ್ಟೇಷನ್‌ನ್ಯಾಗ ಭಾಳ ಹೊತ್ತು ಕುಂತಿದ್ದೆ. ಹತ್ತುವಾಗ ನೀ ಅಂದಿದ್ದು ಒಂದೇ ಮಾತು: "ಹಂಚು ಅಂತ ಹೆಸರು ಇಟ್ಟವ್ರು ನೀವೇ ಅಲ್ಲೇನಪ್ಪ?" ಖರೇ ಅದ.

ಮದುವಿ ಮನಿ ಜಗಳ ಮತ್ತ ಬರಿಯಂಗಿಲ್ಲ. ನನ್ನ ಕಾಡೋದು ನೀ ಆರನೇ ಕ್ಲಾಸ್ ಇದ್ದಾಗಿನ ಒಂದು ಮಧ್ಯಾಹ್ನ. ಅವ್ವ ರೊಟ್ಟಿ ಬಡೀಲಕತ್ತಿದ್ಳು. ನೀ ಬಿಸಿಲಾಗ ಆಡಿ ಒಳಗ ಬಂದಿ. "ನೋಡ್ರಿ, ಒಲಿ ಮ್ಯಾಗಿನ ಕರಿ ಹಂಚು ಇಳಿದು ಬಂತು" ಅಂದೆ. ಎಲ್ಲರೂ ನಕ್ಕರು, ನೀನೂ ನಕ್ಕಿ. ನಕ್ಕೋತ ನಕ್ಕೋತ ಅಂಗಿ ತೋಳು ಬೆರಳ ತನಕ ಎಳಕೊಂಡಿ. ಅದನ್ನ ನಾ ನೋಡಿದ್ದೆ. ನೋಡಿಯೂ ಮರುದಿನ ಹಂಗೇ ಕರದೆ. ಮುಂದ ನಿನಗ ನೀನೇ ಹಂಚು ಅಂದ್ಕೊಳ್ಳಾಕ ಸುರು ಮಾಡ್ದಿ; ನಮ್ಮ ಹುಡುಗಿ ತನ್ನ ತಾನೇ ಚಾಷ್ಟಿ ಮಾಡ್ಕೊಂತಾಳ, ಎಷ್ಟು ಧೈರ್ಯ ಅಂತ ದಾಲ್ ಮಿಲ್ಲಿನ್ಯಾಗ ಹೆಮ್ಮಿಲೆ ಹೇಳ್ಕೋತ ತಿರುಗಿದೆ. ಮದುವ್ಯಾಗ ನೀ ಮೈಕ್ ಹಿಡಿದು ಅದನ್ನೇ ಅಂದಾಗ ಎಲ್ಲರಿಗಿಂತ ಮೊದಲು ನಕ್ಕವನೂ ನಾನೇ. ಆಗೂ ನಿನ್ನ ಇನ್ನೊಂದು ಕೈ ವೇಲಿನ ಒಳಗಿತ್ತು.

ಮುಂಜಾನೆ ನಿನ್ನ ರೂಮಿನ ಗೆಳತಿ ಫೋನ್ ಮಾಡಿದ್ಳು. ಎರಡು ತಿಂಗಳಿಂದ ನಿದ್ದಿ ಇಲ್ಲಂತ, ಒಂದೇ ಹೊತ್ತು ಉಣ್ತಿಯಂತ. ಮಿಲ್ಲಿಗೆ ರಜಾ ಹಾಕಿ ಓದ್ಕೋತ ಕುಂತೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತ ಅವರ ಜೊತಿಯವರು 2003ರಾಗ 32 ವಾಕ್ಯದ ಪ್ರಶ್ನಾವಳಿ ಮಾಡಿ, ನಗೆಚಾಟಿಕೆ ನಾಕು ಬಗೆ ಅಂದಾರ: ಮಂದಿನ್ನ ಕೂಡಿಸೋದು, ಕಷ್ಟದಾಗ ತನಗ ತಾನೇ ಧೈರ್ಯ ಕೊಡೋದು, ಮಂದಿಗೆ ಚುಚ್ಚೋದು, ಮಂದಿ ಮೆಚ್ಚಲಿ ಅಂತ ತನ್ನ ತಾನೇ ಕೆಳಗ ಹಾಕ್ಕೊಳ್ಳೋದು. ಕಡೀದು ಹೆಚ್ಚಿದ್ದವರಾಗ ಖಿನ್ನತೆ, ಆತಂಕ ಹೆಚ್ಚು, ತಮ್ಮ ಬಗ್ಗೆ ಗೌರವ ಕಡಿಮಿ ಕಂಡದ. ಯಾವುದು ಮೊದಲು, ಯಾವುದು ಆಮ್ಯಾಲ ಅನ್ನೋದು ಅಷ್ಟರಿಂದ ತಿಳಿಯಂಗಿಲ್ಲ. ನಮ್ಮ ಮನ್ಯಾಗ ಯಾವುದು ಮೊದಲು ಅಂತ ನನಗ ಗೊತ್ತದ.

ನಗೋದು ಬಿಡಬ್ಯಾಡ. ಅವ್ವನ ಆಪರೇಷನ್ ದಿನ ದವಾಖಾನ್ಯಾಗ ಅವಳನ್ನ ನಗಿಸಿದ್ದಿ, ಅದು ಎರಡನೇ ಬಗೀದು, ಅದು ನಿನ್ನದೇ. ಆದ್ರ ಹೊತ್ತಿಗೆ ಸರಿ ಉಣ್ಣು. ರಾತ್ರಿ ಎರಡರ ತನಕ ಮೊಬೈಲ್ ಹಿಡಿಬ್ಯಾಡ. ಫೋಟೋ ತಿದ್ದಿ ಬಣ್ಣ ತಿಳಿ ಮಾಡ್ಬ್ಯಾಡ. ಹಿಂಗ ಹೇಳಬಾರದು ಅನ್ಕೊಂಡೇ ಬರೀಲಾಕ ಕುಂತಿದ್ದೆ, ಅಂಜಿಕಿ ಹೇಳಸ್ತದ. ನಮ್ಮ ಮುಂದ ಹೇಳಾಕ ಆಗಲಿಲ್ಲಂದ್ರ 14416ಕ್ಕ ಫೋನ್ ಹಚ್ಚು. ಟೆಲಿ ಮಾನಸ್, ಮನಸ್ಸಿನ ತ್ರಾಸಿಗೆ ಸರ್ಕಾರದ ಸಹಾಯವಾಣಿ, ರೊಕ್ಕ ಬ್ಯಾಡ, ಕನ್ನಡದಾಗ ಮಾತಾಡ್ತಾರ, ನಡುರಾತ್ರಿನೂ ಎತ್ತತಾರ.

ನನ್ನ ತಪ್ಪಾಗ್ಯದ, ಮಗಳೇ.

ಶನಿವಾರ ಅದೇ ಗಾಡಿಗೆ ಟಿಕೆಟ್ ತಗಸೀನಿ. ಮಾತಾಡಾಕ ಮನಸ್ಸಿಲ್ಲಂದ್ರ ಬ್ಯಾಡ, ಹಾಸ್ಟೆಲ್ ಗೇಟಿನ್ಯಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ತಿರುಗಿ ಬರ್ತೀನಿ. ನೀನೇ ಬಂದು ಇಸ್ಕೊ.

ನಿನ್ನ ಅಪ್ಪ