ಲೈಕ್ ಒತ್ತೋರು ಬೇರೆ, ಮನೇಲಿ ಬದುಕೋರು ಬೇರೆ

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ಓದ್ದೆ. ನೀನು ಇಂಟೀರಿಯರ್ ಡಿಸೈನ್ ಮಾಡಿದ ಮನೆಗಳ ಫೋಟೋಗಳಿಗೆ ಲೈಕ್ಸ್ ಬರ್ತಿದೆ ಆದ್ರೆ ಕೆಲಸ ಕೊಡೋರು ಬರ್ತಿಲ್ಲ ಅಂದಿದ್ದೀಯ. ನೋಡಮ್ಮ, ಲೈಕ್ ಒತ್ತೋರಲ್ಲಿ ತುಂಬಾ ಜನ ನಿನ್ ಥರಾನೇ ಡಿಸೈನ್ ಮಾಡೋರು, ಇಲ್ಲಾ ಚಂದದ ಫೋಟೋ ನೋಡಿ ಮುಂದೆ ಹೋಗೋರು. ನಿನಗೆ ಬೇಕಾಗಿರೋದು ತಮ್ಮ ಮನೇಲೇ ದಿನಾ ಏನೋ ಒಂದು ಕಿರಿಕಿರಿ ಪಡ್ತಿರೋರು.

ಮೊದ್ಲು ಯಾರಿಗೆ ಮಾಡ್ತೀಯ ಅಂತ ಗಟ್ಟಿಯಾಗಿ ತೀರ್ಮಾನ ಮಾಡ್ಕೋ. ಬಾಡಿಗೆ ಮನೆಯವರ ಕಷ್ಟ ಗೋಡೆಗೆ ಮೊಳೆ ಹೊಡೆಯೋಕಾಗಲ್ಲ ಅನ್ನೋದು, ವಯಸ್ಸಾದೋರಿರೋ ಮನೇಲಿ ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋ ದಾರಿದೇ ಚಿಂತೆ, ಮನೇಲೇ ಆಫೀಸ್ ಕೆಲಸ ಮಾಡೋರಿಗೆ ಬಾಗಿಲು ಹಾಕ್ಕೊಂಡು ಮಾತಾಡೋಕೆ ಒಂದು ಮೂಲೆ ಸಿಕ್ಕಿದ್ರೆ ಸಾಕು. ಮೂರೂ ಜನಕ್ಕೂ ಒಂದೇ ಮಾತು ಹೇಳಿದ್ರೆ ಯಾರಿಗೂ ನಾಟಲ್ಲ. ಇವರನ್ನ ಎಲ್ಲಿ ಹುಡುಕ್ಲಿ ಅಂತೀಯಾ? ಕಾರ್ಪೆಂಟರು, ಪ್ಲಂಬರು, ಎಲೆಕ್ಟ್ರಿಷಿಯನ್‌ಗಳನ್ನ ಕೇಳು. ಡಿಸೈನರ್ ಕೈತೊಳ್ಕೊಂಡು ಹೋದ್ಮೇಲೆ ಜನ ಏನೇನ್ ಕಿತ್ಸಿ ಬದಲಾಯಿಸ್ತಾರೆ ಅಂತ ಅವರಿಗೆ ಗೊತ್ತಿರೋಷ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಹಿರಿಯರ ಮನೆಗಳಿಗೆ ಹೋಗಿ ಬರೋ ಫಿಸಿಯೋಥೆರಪಿಸ್ಟ್‌ಗಳೂ ಹಾಗೇ.

ಅಂಥ ಮನೆಯವರು ಸಿಕ್ಕಾಗ 'ಯಾವ ಸ್ಟೈಲ್ ಇಷ್ಟ' ಅಂತ ಶುರು ಮಾಡ್ಬೇಡ, ಎಲ್ಲೋ ನೋಡಿದ್ದನ್ನೇ ಒಪ್ಪಿಸ್ತಾರೆ. ನಿನ್ನೆ ಬೆಳಿಗ್ಗೆ ಎದ್ದಾಗಿಂದ ಮನೆ ಬಿಡೋವರೆಗೂ ಏನೇನ್ ಮಾಡಿದ್ರಿ ಅಂತ ಕೇಳು, ಕೇಳ್ತಾ ಕೇಳ್ತಾ ಕಣ್ಣು ಓಡಿಸು. ಬೆಡ್‌ರೂಮಲ್ಲಿ ಒಂದು ಚೇರ್ ಮೇಲೆ ಬಟ್ಟೆ ರಾಶಿ ಬಿದ್ದಿರುತ್ತೆ ನೋಡು, ಅದು ಸೋಮಾರಿತನ ಅಲ್ಲ ಕಣೇ, ಒಂದ್ಸಲ ಹಾಕಿದ, ಆದ್ರೆ ಇನ್ನೂ ಒಗೆಯೋಕೆ ಹಾಕದೆ ಇರೋ ಬಟ್ಟೆಗೆ ವಾರ್ಡ್‌ರೋಬಲ್ಲಿ ಯಾರೂ ಜಾಗ ಮಾಡಿಲ್ಲ ಅಷ್ಟೇ. ಫೋಟೋ ತೋರ್ಸಿ ಇದೇ ಬೇಕು ಅಂದ್ರೆ ಅರ್ಧ ಭಾಗ ಕೈಯಲ್ಲಿ ಮುಚ್ಚಿ ಈಗ್ಲೂ ಇಷ್ಟಾನಾ ಅಂತ ಕೇಳು. ಎಷ್ಟೋ ಸಲ ಅವರಿಗೆ ಬೇಕಾಗಿದ್ದು ಆ ಸೋಫಾ ಅಲ್ಲ, ಪಕ್ಕದ ಕಿಟಕಿಯ ಬೆಳಕು. ಮತ್ತೆ, ದುಡ್ಡು ಕೊಡೋರು ಒಬ್ಬರು, ಅಡುಗೆಮನೇಲಿ ನಿಲ್ಲೋರು ಇನ್ನೊಬ್ಬರು ಆಗಿರ್ತಾರೆ, ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳು.

1926ರಲ್ಲಿ ಮಾರ್ಗರೆಟೆ ಷೂಟ್ಟೆ-ಲಿಹೋಟ್ಸ್ಕಿ ಅನ್ನೋ ಆರ್ಕಿಟೆಕ್ಟ್ ಜರ್ಮನಿಯ ಫ್ರಾಂಕ್‌ಫರ್ಟ್ ಊರಿನ ಹೊಸ ಮನೆಗಳಿಗೆ ಅಂತ 'ಫ್ರಾಂಕ್‌ಫರ್ಟ್ ಕಿಚನ್' ಅನ್ನೋ ಅಡುಗೆಮನೆ ಡಿಸೈನ್ ಮಾಡಿದ್ರು. ಕೆಲಸ ಮಾಡೋರ ಓಡಾಟ, ಟೈಮ್ ಎಲ್ಲಾ ಲೆಕ್ಕ ಹಾಕಿ ಸುಮಾರು 1.9 ಮೀಟರ್ ಅಗಲ 3.4 ಮೀಟರ್ ಉದ್ದದಲ್ಲಿ ಎಲ್ಲಾ ಕೂರ್ಸಿದ್ರು, ಹೆಚ್ಚುಕಮ್ಮಿ 10,000 ಮನೆಗಳಿಗೆ ಹೋಯ್ತು, ಇವತ್ತಿನ ಮಾಡ್ಯುಲರ್ ಕಿಚನ್‌ಗೆ ಅದೇ ಮೂಲ. ಆದ್ರೂ ಒಬ್ಬರಿಗಿಂತ ಜಾಸ್ತಿ ಜನ ನಿಲ್ಲೋಕಾಗಲ್ಲ, ಅಡುಗೆ ಮಾಡೋರು ಮನೆಯವರಿಂದ ಬೇರೆಯಾಗಿಬಿಡ್ತಾರೆ ಅನ್ನೋ ದೂರು ಬಂತು. ಅಷ್ಟು ಅಳೆದವರಿಗೇ ಹೀಗಂದ್ರೆ, ಜನ ಬಂದು ವಾಸ ಮಾಡಿದ್ಮೇಲೆ ವಾಪಸ್ ಹೋಗಿ ನೋಡದೆ ನಮಗೆ ಹೇಗೆ ತಿಳಿಯುತ್ತೆ ಹೇಳು? ಈ ವಾಪಸ್ ಹೋಗಿ ನೋಡೋದಕ್ಕೆ ಪೋಸ್ಟ್ ಆಕ್ಯುಪೆನ್ಸಿ ಎವ್ಯಾಲ್ಯುಯೇಷನ್ ಅಂತ ದೊಡ್ಡ ಹೆಸರೇ ಇದೆ, ದೊಡ್ಡ ಬಿಲ್ಡಿಂಗ್‌ಗಳಿಗೆ ಮಾಡ್ತಾರೆ, ಚಿಕ್ಕ ಮನೆಗಳಿಗೆ ಮಾಡೋರು ಕಮ್ಮಿ. ನನಗಂತೂ ಇದು ಬೇಜಾರಿನ ವಿಷಯ.

ನೀನು ಮುಗಿಸಿಕೊಟ್ಟ ಮನೆಯವರಿಗೆ ಈ ವಾರಾನೇ ಫೋನ್ ಮಾಡು. ಕ್ಯಾಮೆರಾ ತಗೊಂಡ್ ಹೋಗ್ಬೇಡ, ಅವರು ಮನೆ ಒಪ್ಪ ಮಾಡಿ ಇಟ್ಟುಬಿಡ್ತಾರೆ, ನಿನಗೆ ಬೇಕಾಗಿದ್ದು ಕಾಣಲ್ಲ. ಯಾವ ಡ್ರಾಯರ್ ತೆಗೆಯೋದೇ ಇಲ್ಲ, ಎಕ್ಸ್‌ಟೆನ್ಷನ್ ಬಾಕ್ಸ್ ಎಲ್ಲಿ ಎಳ್ಕೊಂಡಿದ್ದಾರೆ ನೋಡು. ಸಮರ್ಥನೆ ಮಾಡ್ಕೊಳ್ಳೋಕೆ ಹೋಗ್ಬೇಡ, ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೋ. ಆಮೇಲೆ ನಿನ್ನ ಫೋಟೋಗಳ ಕೆಳಗೆ 'ಮಿನಿಮಲ್ ವಾರ್ಡ್‌ರೋಬ್' ಅಂತ ಬರೆಯೋ ಬದ್ಲು 'ಬಟ್ಟೆ ಚೇರ್ ಮೇಲೆ ಬೀಳದ ಹಾಗೆ' ಅಂತ ಬರಿ, ಅದೇ ತೊಂದರೆ ಇರೋರು ಇದು ನಮ್ಮನೆ ಕಥೇನೇ ಅಂತ ತಾವಾಗೇ ನಿನ್ನ ಕೇಳ್ಕೊಂಡು ಬರ್ತಾರೆ. ಬರ್ದಿದ್ದನ್ನ ನನಗೂ ಕಳ್ಸು, ಇಬ್ರೂ ಕೂತು ಓದೋಣ.

ನಿನ್ನ
ದೊಡ್ಡಮ್ಮ